ಅಂಚು ಮುರಿದ ಸ್ಕೇಲಿನ ಗೆರೆ

ನಿವೃತ್ತಿಯಾದ ಮೇಲೆ ನನಗೆ ಹೊಸದಾಗಿ ಅಂಟಿಕೊಂಡ ಅಭ್ಯಾಸವೆಂದರೆ ಮಧ್ಯಾಹ್ನದ ನಿದ್ದೆ. ಸರ್ವಿಸಿನುದ್ದಕ್ಕೂ ಮಧ್ಯಾಹ್ನದ ಬಿಸಿಲಲ್ಲಿ ಮನೆ ಮನೆ ತಿರುಗಿದವಳು ಈಗ ಗಂಜಿ ಉಂಡು, ಕಾಪುವಿನ ನಮ್ಮ ಮನೆಯ ಚಾವಡಿಯಲ್ಲಿ ಚಾಪೆ ಹಾಸಿ ಮಲಗುತ್ತೇನೆ. ಸಮುದ್ರದ ಸದ್ದು ಕೇಳುತ್ತಿರುತ್ತದೆ. ಎಚ್ಚರವೂ ಅಲ್ಲ, ನಿದ್ದೆಯೂ ಅಲ್ಲ ಎನ್ನುವ ಆ ಹೊತ್ತಿನಲ್ಲಿ ನಾನು ಮತ್ತೆ ಡ್ಯೂಟಿಗೆ ಹೊರಡುತ್ತೇನೆ. ಹೆಗಲಿಗೆ ಅದೇ ಚೀಲ, ಅದರೊಳಗೆ ಕಬ್ಬಿಣದ ಮಾತ್ರೆ, ಬಿ.ಪಿ. ನೋಡುವ ಪೆಟ್ಟಿಗೆ, ರಿಜಿಸ್ಟರು. ದಾರಿಯ ಎರಡೂ ಬದಿಯ ಜಗಲಿಗಳಲ್ಲಿ ಹೆಂಗಸರು ಕೈಯಲ್ಲಿ ಒಂದೊಂದು ಕಾಗದ ಹಿಡಿದು ನಿಂತಿರುತ್ತಾರೆ. "ಸಿಸ್ಟರ್, ಇಲ್ಲಿ ಸಹಿ ಹಾಕಿದರೆ ಸಾಕಾ?" ಎಂದು ಒಬ್ಬಳು ಕೇಳುತ್ತಾಳೆ. ನಾನು ಬಾಯಿ ತೆರೆಯುವಷ್ಟರಲ್ಲಿ ಎಚ್ಚರವಾಗುತ್ತದೆ.

ಶ್ವೇತಾ ಬಂದು ನಾಲ್ಕು ಪುಟ ಬರೆದುಕೊಡಿ ಎಂದು ಕೇಳಿದ್ದು ಇಂಥ ಒಂದು ಮಧ್ಯಾಹ್ನ. ಶ್ವೇತಾ ಎಂದರೆ ನಾನಿದ್ದ ಉಪಕೇಂದ್ರಕ್ಕೆ ನನ್ನ ನಂತರ ಬಂದ ಆರೋಗ್ಯ ಸಹಾಯಕಿ. ಚುರುಕು ಹುಡುಗಿ. ನನ್ನ ರಿಜಿಸ್ಟರುಗಳೆಲ್ಲ ಈಗ ಅವಳ ಕೈಯ ಟ್ಯಾಬಿನೊಳಗೆ ಸೇರಿವೆ. "ಹೊಸಬರಿಗೆ ತರಬೇತಿಯಲ್ಲಿ ಓದಿ ಹೇಳಲಿಕ್ಕೆ ಮೇಡಂ. ನಿಮ್ಮ ಸಾಧನೆ, ಸನ್ಮಾನ, ಅಂಥದ್ದು" ಎಂದಳು. ಸನ್ಮಾನದ ಶಾಲುಗಳು ಕಪಾಟಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿವೆ, ಅವುಗಳಿಂದ ನೀವು ಕಲಿಯುವುದು ಏನೂ ಇಲ್ಲ. ನಾನು ಮಾಡಿದ ತಪ್ಪನ್ನು ಬರೆಯುತ್ತೇನೆ, ಅದನ್ನು ಓದುವ ಧೈರ್ಯ ಉಂಟಾ ಎಂದು ಕೇಳಿದೆ. ಉಂಟು ಎಂದಳು.

ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತನಾಲ್ಕು. ಹಿರಿಯಡ್ಕದಿಂದ ಒಳಗೆ, ಬಸ್ಸಿಳಿದು ಮುಕ್ಕಾಲು ಗಂಟೆ ನಡೆಯಬೇಕಾದ ಉಪಕೇಂದ್ರ. ಒಂದು ಕೋಣೆ, ಒಂದು ಮಂಚ, ಒಂದು ಮರದ ಮೇಜು. ನಮ್ಮ ಮೇಲಿನವರು ರೆಮೆಡಿ ಬಾಯಿ ಎಂಬ ಹಿರಿಯ ಆರೋಗ್ಯ ಸಹಾಯಕಿ. ಶಂಕರಪುರದವರು. ಮನೆಯಂಗಳದ ಮಲ್ಲಿಗೆಯ ಒಂದು ತುಂಡನ್ನು ಮುಡಿಯದೆ ಡ್ಯೂಟಿಗೆ ಬಂದವರಲ್ಲ. ನಾವೆಲ್ಲ ಅವರನ್ನು ಬಾಯಮ್ಮ ಎನ್ನುತ್ತಿದ್ದೆವು. ತಪ್ಪು ಮಾಡಿದರೆ ಹತ್ತು ಜನರ ಎದುರೇ ಬೈಯುತ್ತಿದ್ದರು, ಅತ್ತರೆ ತಾವೇ ಚಹಾ ಮಾಡಿಕೊಡುತ್ತಿದ್ದರು. ಅವರ ಬೈಗುಳ ತಿನ್ನದೆ ನರ್ಸ್ ಆದವರು ನಮ್ಮ ಬ್ಯಾಚಿನಲ್ಲಿ ಯಾರೂ ಇರಲಿಲ್ಲ.

ಅಲ್ಲಿ ಒಬ್ಬಾಕೆಗೆ ಮೂರು ಮಕ್ಕಳಿದ್ದವು, ನಾಲ್ಕನೆಯದು ಬೇಡವೆಂದು ಕಾಪರ್-ಟಿ ಹಾಕಿಸಿಕೊಂಡಳು. ಅವಳೇ ಬಂದು ಕೇಳಿದ್ದು, ನಾನು ಹಾಕಿದ್ದು. ಗಂಡ ಬೊಂಬಾಯಿಯ ಹೋಟೆಲಿನಲ್ಲಿದ್ದ. ರಜೆಗೆ ಬಂದವನಿಗೆ ಹೇಗೋ ತಿಳಿಯಿತು. ಒಂದು ಬೆಳಿಗ್ಗೆ ಇಬ್ಬರನ್ನು ಕಟ್ಟಿಕೊಂಡು ಉಪಕೇಂದ್ರದ ಅಂಗಳಕ್ಕೆ ಬಂದ.

"ನನ್ನ ಹೆಂಡತಿಗೆ ಎಂತ ಮಾಡಿದ್ದು ನೀನು? ನನ್ನನ್ನು ಒಂದು ಮಾತು ಕೇಳಿದ್ದೀಯಾ?"

ನನ್ನ ಚೀಲವನ್ನು ಎತ್ತಿ ಅಂಗಳಕ್ಕೆ ಎಸೆದ. ಕಬ್ಬಿಣದ ಮಾತ್ರೆಗಳು ಚೆಲ್ಲಿಹೋದವು, ಪಕ್ಕದ ಮನೆಯ ಕೋಳಿಗಳು ಓಡಿಬಂದು ಕುಕ್ಕತೊಡಗಿದವು. ಈಗ ನೆನೆದರೆ ನಗು ಬರುತ್ತದೆ. ಆವತ್ತು ಒಳಗೆ ಹೋಗಿ ಚಿಲಕ ಹಾಕಿಕೊಂಡು ಕಿಟಕಿಯ ಮರೆಯಲ್ಲಿ ನಿಂತೆ. ಆ ಹೆಂಗಸು ಗಂಡನ ಹಿಂದೆ ತಲೆ ತಗ್ಗಿಸಿ ನಿಂತಿದ್ದಳು. ಒಂದೇ ಸಲ ಕಣ್ಣೆತ್ತಿ ಕಿಟಕಿಯ ಕಡೆ ನೋಡಿದಳು. ನನ್ನ ಹೆದರಿಕೆಯಲ್ಲಿ ಆ ನೋಟವನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ.

ಅದೇ ವಾರ ಒಪ್ಪಿಗೆ ಪತ್ರದ ಸ್ಟೆನ್ಸಿಲ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹುಡುಗಿಯರೇ, ನಿಮಗೆ ಸ್ಟೆನ್ಸಿಲ್ ಗೊತ್ತಿರಲಿಕ್ಕಿಲ್ಲ. ಮೇಣದ ಹಾಳೆ ಅದು. ಕಬ್ಬಿಣದ ಮೊನೆಯ ಪೆನ್ನಿನಲ್ಲಿ ಅದರ ಮೇಲೆ ಗೀಚಿ ಬರೆದು, ಶಾಯಿಯ ಮೆಷಿನ್ನಿಗೆ ಹಾಕಿ ತಿರುಗಿಸಿದರೆ ನೂರಾರು ಪ್ರತಿ ಬರುತ್ತಿತ್ತು. ನನ್ನ ಅಕ್ಷರ ಗುಂಡಗಿದೆ ಎಂದು ಬಾಯಮ್ಮನೇ ನನ್ನನ್ನು ಕೂರಿಸಿದ್ದರು. ಕಾಪರ್-ಟಿ ಇರಲಿ, ಸಂತಾನ ಹರಣದ ಆಪರೇಷನ್ ಇರಲಿ, ದೊಡ್ಡ ಆಸ್ಪತ್ರೆಗೆ ಕಳಿಸುವುದಿರಲಿ, ಎಲ್ಲಕ್ಕೂ ನಮ್ಮಲ್ಲಿ ಅದೊಂದೇ ಹಾಳೆ. ಕೊನೆಯಲ್ಲಿ "ಮಹಿಳೆಯ ಸಹಿ" ಎಂದು ಬರೆದ ಮೇಲೆ ಎರಡು ಬೆರಳಿನಷ್ಟು ಜಾಗ ಉಳಿದಿತ್ತು. ನಾನು ಮರದ ಸ್ಕೇಲು ಇಟ್ಟು ಇನ್ನೊಂದು ಗೆರೆ ಎಳೆದೆ. ಅದರ ಕೆಳಗೆ "ಗಂಡನ ಸಹಿ" ಎಂದು ಬರೆದೆ.

ಸ್ಕೇಲಿನ ಅಂಚು ನಡುವೆ ಒಂದು ಕಡೆ ಮುರಿದಿತ್ತು. ಪೆನ್ನು ಅಲ್ಲಿ ಒಳಗೆ ಹೊಕ್ಕು ಹೊರಬಂದದ್ದರಿಂದ ಗೆರೆಯ ಮಧ್ಯದಲ್ಲಿ ಅಕ್ಕಿಕಾಳಿನಷ್ಟು ಉಬ್ಬು ಬಿತ್ತು. ಮತ್ತೊಂದು ಸ್ಟೆನ್ಸಿಲ್ ಇರಲಿಲ್ಲ, ಹಾಗೆಯೇ ಬಿಟ್ಟೆ.

ಬಾಯಮ್ಮ ಕನ್ನಡಕ ಏರಿಸಿ ನೋಡಿದರು. "ಈ ಗೆರೆ ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ ಬಾಯಮ್ಮ. ನಮಗೆ ಒಳ್ಳೆಯದಲ್ವಾ? ನಾಳೆ ಯಾರಾದರೂ ಬಂದು ಗಲಾಟೆ ಮಾಡಿದರೆ ತೋರಿಸಬಹುದು."

"ನಮಗೆ ಒಳ್ಳೆಯದೇ. ಅವಳಿಗೆ?"

ನಾನು ಪೆನ್ನಿನ ಮೊನೆ ಒರೆಸತೊಡಗಿದೆ. ಅವರಿಗೆ ಆವತ್ತು ಬೇರೆ ಊರಿಗೆ ಹೋಗುವ ಬಸ್ಸು ಹಿಡಿಯಬೇಕಿತ್ತು. ಹಾಳೆಯನ್ನು ಕೆಳಗಿಟ್ಟು ಹೋದರು. ಚೆಂದ ಉಂಟೆಂದು ಅಕ್ಕಪಕ್ಕದ ಉಪಕೇಂದ್ರದವರೂ ಅದರ ಪ್ರತಿ ಒಯ್ದರು. ನಾನು ಗೆರೆ ಎಳೆದೆ, ಮರೆತೆ. ಮರೆತದ್ದು ಎಷ್ಟೆಂದರೆ, ಹತ್ತು ವರ್ಷ ಕಳೆದು ಬೇರೆ ಕಡೆಯಿಂದ ಬಂದ ಫಾರ್ಮಿನಲ್ಲಿ ಅದೇ ಸಾಲು ಕಂಡಾಗ ಇದು ಸರಕಾರದ ರೂಲು ಎಂದೇ ನಂಬಿದೆ. ಗಂಡನ ಸಹಿ ಇಲ್ಲದೆ ಬಂದವರನ್ನು ಹಿಂದೆ ಕಳಿಸಿದೆ. ಎಷ್ಟು ಜನವೋ ನೆನಪಿಲ್ಲ.

ಆಮೇಲೆ ವರ್ಗವಾಗಿ ಕಾಪುವಿಗೆ ಬಂದೆ. ಕಲ್ಯಾಣಿ ಸಿಕ್ಕಿದ್ದು ಇಲ್ಲಿ.

ಕಲ್ಯಾಣಿ ಮೀನು ಮಾರುವವಳು. ನಸುಕಿಗೆ ಟೆಂಪೋ ಹತ್ತಿ ಮಲ್ಪೆಯ ಬಂದರಿಗೆ ಹೋಗಿ, ಏಲಂ ಎನ್ನುವ ಹರಾಜಿನಲ್ಲಿ ಮೀನು ಕೊಂಡು, ಬಿಸಿಲೇರುವ ಮುಂಚೆ ಕಾಪುವಿನ ಮಾರ್ಕೆಟ್ಟಿಗೆ ಬಂದು ಕೂರುತ್ತಿದ್ದಳು. ಬಾಯಿ ಜೋರು, ನಗು ಅದಕ್ಕಿಂತ ಜೋರು. ಮೂತ್ರದ ಉರಿ ಎಂದು ಪದೇ ಪದೇ ನನ್ನಲ್ಲಿಗೆ ಬರುತ್ತಿದ್ದಳು. ನಾನು ಗುಳಿಗೆ ಕೊಟ್ಟು, "ನೀರು ಜಾಸ್ತಿ ಕುಡಿ" ಎಂದು ರಿಜಿಸ್ಟರಿನಲ್ಲೂ ಬರೆದು ಕಳಿಸುತ್ತಿದ್ದೆ. ಐದಾರು ಸಲ ಹೀಗಾದ ಮೇಲೆ ನಾನು ರೇಗಿದೆ. "ಎಷ್ಟು ಸಲ ಹೇಳುವುದು ಮಾರಾಯ್ತಿ? ನೀರು ಕುಡಿಯಲಿಕ್ಕೆ ನಿನಗೆಂತ ಕಷ್ಟ?"

"ಕುಡೀಬಹುದು ಅಕ್ಕ. ಕುಡಿದ ಮೇಲೆ ಹೋಗ್ಬೇಕಲ್ವಾ?" ಎಂದಳು. "ನಾನು ಹೋಗಿ ಬರುವಷ್ಟರಲ್ಲಿ ಏಲಂ ಮುಗೀತದೆ. ನಾನು ನಿಲ್ಲುವ ಜಾಗದಲ್ಲಿ ಬೇರೆಯವಳು ನಿಂತಿರ್ತಾಳೆ. ಅದು ನನ್ನ ಅಮ್ಮ ನಿಲ್ಲುತ್ತಿದ್ದ ಜಾಗ. ಅದನ್ನು ಬಿಟ್ಟುಕೊಡಲಿಕ್ಕೆ ಆಗ್ತದಾ? ನೀವು ಒಂದು ದಿನ ಬನ್ನಿ, ನೋಡಿ, ಆಮೇಲೆ ಬೈಯಿರಿ."

ಒಂದು ದಿನ ಹೋದೆ. ಬೋಟುಗಳು ಒಂದಕ್ಕೊಂದು ತಾಗಿ ನಿಂತಿದ್ದವು. ಮಂಜುಗಡ್ಡೆಯ ಪುಡಿ ಗಾಳಿಯಲ್ಲಿ ಹೊಳೆಯುತ್ತಿತ್ತು, ಅರೆ ಬೆಳಕಿನಲ್ಲಿ ಮೀನಿನ ರಾಶಿ ಬೆಳ್ಳಗೆ ಮಿನುಗುತ್ತಿತ್ತು. ಅದರ ಸುತ್ತ ಸೀರೆ ಎತ್ತಿ ಕಟ್ಟಿದ ಹೆಂಗಸರು, ಅವರ ನಡುವೆ ಸೊಂಟಕ್ಕೆ ಕೈಯಿಟ್ಟು ಕಲ್ಯಾಣಿ. ಇಡೀ ಬಂದರು ಅವಳದೇ ಎಂಬ ಹಾಗೆ ನಿಂತಿದ್ದಳು. ನನಗೆ ಅವಳನ್ನು ನೋಡಿ ಹೆಮ್ಮೆಯಾಯಿತು, ನನ್ನ ರಿಜಿಸ್ಟರಿನ ಬಗ್ಗೆ ನಾಚಿಕೆಯಾಯಿತು. ಆ ಮೇಲೆ ಅವಳೂ ನಾನೂ ಸೇರಿ ಒಂದು ಏರ್ಪಾಡು ಮಾಡಿದೆವು. ಇಬ್ಬಿಬ್ಬರು ಹೆಂಗಸರು ಜೊತೆ ಕಟ್ಟಿಕೊಂಡು, ಒಬ್ಬಳು ಹೋದಾಗ ಇನ್ನೊಬ್ಬಳು ಜಾಗ ಕಾಯುವುದು. ಅಷ್ಟರಿಂದಲೇ ಅರ್ಧ ಉರಿ ಹೋಯಿತು. ಕೇಳದೆ ಸಲಹೆ ಕೊಡಬಾರದು ಎಂದು ಆವತ್ತು ಕಲಿತೆ ಅಂದುಕೊಂಡಿದ್ದೆ. ಎಲ್ಲಿ ಕಲಿತದ್ದು!

ನಾಲ್ಕೈದು ವರ್ಷದ ಮೇಲೆ ಕಲ್ಯಾಣಿಗೆ ಮುಟ್ಟಿನ ರಕ್ತ ನಿಲ್ಲದಾಯಿತು. ತಿಂಗಳಲ್ಲಿ ಹದಿನೈದು ದಿನ ಹೋಗುತ್ತಿತ್ತು. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರೆ ಒಳಗೆ ಕಾಗದದಷ್ಟು ಬಿಳಿ. ಗರ್ಭಕೋಶದಲ್ಲಿ ಗಡ್ಡೆ ಉಂಟು, ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದರು. ಮಣಿಪಾಲದ ಆಸ್ಪತ್ರೆಯೊಂದಕ್ಕೆ ಕಳಿಸಲು ನಾನು ಹಾಳೆ ತೆಗೆದೆ. ಅವಳು ಪೆನ್ನು ಹಿಡಿದು ಒಂದೊಂದೇ ಅಕ್ಷರ ಜೋಡಿಸಿ "ಕಲ್ಯಾಣಿ" ಎಂದು ಬರೆದಳು. ಬರೆದು ನನ್ನ ಮುಖ ನೋಡಿದಳು.

"ಇನ್ನು ಇಲ್ಲಿ ವಾಸಣ್ಣನ ಸಹಿ ಬೇಕು" ಎಂದೆ. ವಾಸಣ್ಣ ಅವಳ ಗಂಡ. ಆಳಸಮುದ್ರದ ಬೋಟಿನಲ್ಲಿ ಕೆಲಸ. ಹೋದರೆ ಹತ್ತು ಹನ್ನೆರಡು ದಿನ ಫೋನಿಗೂ ಸಿಗುವುದಿಲ್ಲ.

"ಅವರದ್ದೆಂತಕ್ಕೆ? ಹೊಟ್ಟೆ ನನ್ನದಲ್ವಾ?"

"ರೂಲ್ ಉಂಟು ಕಲ್ಯಾಣಿ."

"ಎಂತ ರೂಲ್ ಅಕ್ಕ ಇದು? ಮನೆ ನನ್ನ ಅಮ್ಮನಿಂದ ನನಗೆ ಬಂದದ್ದು. ನಾಳೆ ನನ್ನ ಮಗಳಿಗೆ ಹೋಗ್ತದೆ. ಕರೆಂಟು ಬಿಲ್ಲಿನಲ್ಲಿ ನನ್ನ ಹೆಸರು, ತೆರಿಗೆ ಚೀಟಿಯಲ್ಲಿ ನನ್ನ ಹೆಸರು. ಅವರು ನಮ್ಮ ಮನೆಗೆ ಬಂದವರು. ಆ ಮನೆಯ ಒಂದು ಕಾಗದಕ್ಕೂ ಇದುವರೆಗೆ ಅವರ ಸಹಿ ಕೇಳಿದವರಿಲ್ಲ. ನನ್ನ ಗರ್ಭಕೋಶಕ್ಕೆ ಮಾತ್ರ ಬೇಕಾ?"

ತಾಯಿಯಿಂದ ಮಗಳಿಗೆ ಮನೆ ಇಳಿಯುವ ಕಟ್ಟು ನಮ್ಮ ಕರಾವಳಿಯಲ್ಲಿ ಅನೇಕ ಕುಟುಂಬಗಳಲ್ಲಿ ಉಂಟು, ನನ್ನ ಮನೆಯಲ್ಲೂ ಉಂಟು. ಅವಳ ಪ್ರಶ್ನೆ ನನಗೆ ಅರ್ಥವಾಗದ್ದಲ್ಲ. ಆದರೂ "ನಿನ್ನ ಮಾತಿಗೆಲ್ಲ ರೂಲ್ ಬದಲಾಗುವುದಿಲ್ಲ" ಎಂದು ನಕ್ಕು, ವಾಸಣ್ಣ ಬಂದಾಗ ಇದನ್ನು ಹಿಡಿದು ನನ್ನಲ್ಲಿಗೆ ಬರಲಿ ಎಂದು ಹಾಳೆಯನ್ನು ಮಡಚಿ ಕೈಗೆ ಕೊಟ್ಟೆ. ಆ ನಗು ನೆನಪಾದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಆಪರೇಷನ್ನಿಗೆ ಕೊಟ್ಟ ಮೊದಲನೆಯ ದಿನ ಬೋಟು ಕಡಲಲ್ಲಿತ್ತು. ಎರಡನೆಯ ಸಲ ಬೋಟು ಬಂತು. ವಾಸಣ್ಣ ಮೀನು ಇಳಿಸಿ, ಮಂಜುಗಡ್ಡೆ ತುಂಬಿಸುವ ನಡುವೆ ಓಡಿಕೊಂಡು ಉಪಕೇಂದ್ರಕ್ಕೆ ಬಂದ. ನಾನು ಉಡುಪಿಯಲ್ಲಿ ಮೀಟಿಂಗಿನಲ್ಲಿದ್ದೆ. ಸಹಿ ನನ್ನ ಕಣ್ಣೆದುರಲ್ಲೇ ಆಗಬೇಕೆಂದು ನಾನೇ ಕಟ್ಟುನಿಟ್ಟು ಮಾಡಿಟ್ಟಿದ್ದರಿಂದ ಅಲ್ಲಿದ್ದ ಆಶಾ ಕಾರ್ಯಕರ್ತೆ ಕಾಗದ ಮುಟ್ಟಲಿಲ್ಲ. ಅವನು ಸಂಜೆಯವರೆಗೆ ಜಗಲಿಯಲ್ಲಿ ಕೂತು, ಬೋಟಿನವರು ಕರೆದಾಗ ಎದ್ದು ಹೋದ. ಪಾಪದ ಮನುಷ್ಯ. ಯಾವ ಕಾಗದ ಕೊಟ್ಟರೂ ಓದದೆ ಸಹಿ ಹಾಕುವವನು.

ಆಗ ನಾನೊಂದು ಉಪಾಯ ಹೇಳಿದೆ. ಇದನ್ನು ನೀವು ಗಮನವಿಟ್ಟು ಓದಬೇಕು. "ಮಳೆಗಾಲದಲ್ಲಿ ಹೇಗೂ ಬೋಟಿಗೆ ರಜೆ ಅಲ್ವಾ? ಎರಡು ತಿಂಗಳು ವಾಸಣ್ಣ ಮನೆಯಲ್ಲೇ ಇರ್ತಾನೆ. ಆಗ ಮಾಡಿಸುವ, ನಿನ್ನನ್ನು ನೋಡಿಕೊಳ್ಳಲಿಕ್ಕೂ ಜನ ಆಯ್ತು" ಎಂದೆ. ನನಗೆ ಅದು ಬಹಳ ಜಾಣತನದ ಮಾತೆಂದು ತೋರಿತ್ತು. ಬೇರೆ ಯಾವ ಊರಿನ ನರ್ಸಿಗೂ ಇಂಥ ಯೋಚನೆ ಹೊಳೆಯಲಿಕ್ಕಿಲ್ಲ. ರಕ್ತ ಹೋಗುತ್ತಿರುವ ಹೆಂಗಸಿಗೆ ನಾನು ಮೀನುಗಾರಿಕೆಯ ರಜೆ ನೋಡಿ ದಿನ ಗೊತ್ತು ಮಾಡಿದೆ. ರಜೆಗೆ ಆಗ ಮೂರು ತಿಂಗಳಿತ್ತು. ಕಲ್ಯಾಣಿ ಹೂಂ ಎಂದಳು. ನಾನು ಹೇಳಿದೆ ಎಂಬ ಕಾರಣಕ್ಕೆ ಹೂಂ ಎಂದಳು.

ಮುಂದಿನ ತಿಂಗಳು ಒಂದು ಬೆಳಿಗ್ಗೆ ಅವಳು ಏಲಂನ ನಡುವೆ, ತನ್ನ ಜಾಗದಲ್ಲೇ, ಕುಸಿದು ಬಿದ್ದಳು. ಜೊತೆಯ ಹೆಂಗಸರು ಅವಳನ್ನು ಮೀನಿನ ಟೆಂಪೋದಲ್ಲೇ ಮಲಗಿಸಿ ಮಣಿಪಾಲಕ್ಕೆ ಒಯ್ದರು. ನಾನು ಓಡಿಹೋದಾಗ ಕೈಗೆ ರಕ್ತದ ಬಾಟಲಿ ಹಾಕಿದ್ದರು. ಸೀರೆಯಿಂದ ಮೀನಿನ ನೀರು ಇನ್ನೂ ಇಳಿಯುತ್ತಿತ್ತು, ಅದರ ಜೊತೆ ಅವಳ ರಕ್ತವೂ. ಡಾಕ್ಟರು ನನ್ನ ಮಗಳ ಪ್ರಾಯದವರು. ಚೀಟಿಗಳನ್ನು ತಿರುವಿ ಹಾಕುತ್ತಿದ್ದವರು ಆ ಹಾಳೆಯ ಹತ್ತಿರ ನಿಂತರು.

"ಸಿಸ್ಟರ್, ಇದು ಯಾವಾಗಿನದು? ಇಷ್ಟು ದಿನ ಯಾಕೆ ಕರೆದುಕೊಂಡು ಬರಲಿಲ್ಲ?"

"ಗಂಡನ ಸಹಿ ಆಗಿರಲಿಲ್ಲ ಡಾಕ್ಟ್ರೇ. ಬೋಟು..."

"ಗಂಡನ ಸಹಿ ಯಾರು ಕೇಳಿದರು?"

"ರೂಲ್ ಉಂಟಲ್ವಾ?"

"ಯಾವ ರೂಲ್? ತೋರಿಸಿ." ಅವರ ದನಿ ಏರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇವರಿಗೆ ಪ್ರಜ್ಞೆ ಉಂಟು, ಪ್ರಾಯ ಉಂಟು, ವಿಷಯ ಅರ್ಥವಾಗ್ತದೆ. ಇವರ ಸಹಿ ಸಾಕು."

ಕಲ್ಯಾಣಿಗೆ ಪೆನ್ನು ಹಿಡಿಸಿದರು. ಸೂಜಿ ಚುಚ್ಚಿದ ಕೈಯಲ್ಲೇ ಅವಳು ಮೂರು ಅಕ್ಷರ ಬರೆದಳು. ಆಮೇಲೆ ತಲೆ ತಿರುಗಿಸಿ ನನ್ನನ್ನು ಹುಡುಕಿ ಕೇಳಿದಳು.

"ಇಷ್ಟೇಯಾ ಅಕ್ಕ?"

ಆಪರೇಷನ್ ಆಯಿತು. ಅವಳು ಬದುಕಿದಳು. ಆದರೆ ರಕ್ತವಿಲ್ಲದೆ ಅಷ್ಟು ತಿಂಗಳು ದುಡಿದದ್ದಕ್ಕೆ ಹೃದಯ ದಣಿದಿತ್ತು, ಭಾರ ಎತ್ತಬಾರದು ಎಂದರು. ವರ್ಷವಿಡೀ ಅವಳು ಮಲ್ಪೆಗೆ ಹೋಗಲಿಲ್ಲ. ಹೋಗುವ ಹೊತ್ತಿಗೆ ಅವಳ ಅಮ್ಮನ ಜಾಗದಲ್ಲಿ ಬೇರೊಬ್ಬಳು ನಿಂತಾಗಿತ್ತು. ಈಗ ಇನ್ಯಾರೋ ತಂದುಕೊಟ್ಟ ಮೀನನ್ನು ಕಾಪುವಿನಲ್ಲಿ ಕೂತು ಮಾರುತ್ತಾಳೆ.

ನಾನು ಆ ರೂಲ್ ಹುಡುಕಿ ಹೊರಟೆ. ಡಾಕ್ಟರಿಗೆ ತೋರಿಸಬೇಕೆಂಬ ಹಟ, ಬೇರೇನಲ್ಲ. ಉಡುಪಿಯ ಕಚೇರಿಯೊಂದರಲ್ಲಿ ಎರಡು ದಿನ ಕೂತು ಹಳೆಯ ಸುತ್ತೋಲೆಗಳ ಕಟ್ಟು ಬಿಚ್ಚಿದೆ. ಧೂಳಿನಿಂದ ಸೀನು ಬಂದದ್ದೇ ಬಂದದ್ದು. ಗಂಡನ ಸಹಿಯ ಮಾತು ಎಲ್ಲೂ ಇರಲಿಲ್ಲ. ಕೊನೆಗೆ ನನ್ನ ಚೀಲದಲ್ಲಿದ್ದ ಫಾರ್ಮನ್ನೇ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಪ್ರತಿಯ ಪ್ರತಿಯ ಪ್ರತಿ ಅದು. ಅಕ್ಷರ ಟೈಪ್ ಆಗಿ ಬದಲಾಗಿತ್ತು, ಗೆರೆಯನ್ನು ಮಾತ್ರ ಯಾರೋ ಹಳೆಯದರಿಂದ ಹಾಗೆಯೇ ಉಳಿಸಿಕೊಂಡಿದ್ದರು. ಗೆರೆಯ ನಡುವೆ ಅಕ್ಕಿಕಾಳಿನಷ್ಟು ಉಬ್ಬು.

ಅಯ್ಯೋ ದೇವರೇ! ಮರದ ಮೇಜು, ಮೇಣದ ವಾಸನೆ, ಮುರಿದ ಸ್ಕೇಲು, ಬಾಯಮ್ಮನ ಮಲ್ಲಿಗೆ, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂತು. "ನಮಗೆ ಒಳ್ಳೆಯದೇ. ಅವಳಿಗೆ?" ಎಂದು ಅವರು ಕೇಳಿದ್ದು ಅಷ್ಟು ವರ್ಷದ ಮೇಲೆ ಕಿವಿಗೆ ಬಿತ್ತು. ಕುರ್ಚಿಯಲ್ಲಿ ಕೂತಲ್ಲೇ ಅತ್ತೆ. ಗುಮಾಸ್ತರು ಧೂಳಿನ ಅಲರ್ಜಿ ಎಂದುಕೊಂಡು ನೀರು ತಂದುಕೊಟ್ಟರು.

ನನ್ನ ಮೇಲಧಿಕಾರಿಗೆ ಹೋಗಿ ಹೇಳಿದೆ. "ಬಿಡಿ ಸಿಸ್ಟರ್. ಇದ್ದರೆ ನಮಗೇ ಸೇಫ್ ಅಲ್ವಾ?" ಎಂದರು. ನಾನು ಇಪ್ಪತ್ತನಾಲ್ಕರಲ್ಲಿ ಹೇಳಿದ್ದನ್ನೇ ಅವರು ಐವತ್ತರಲ್ಲಿ ಹೇಳಿದರು. ನಾನು ನನ್ನ ಉಪಕೇಂದ್ರದ ಹಾಳೆಯಲ್ಲಿ ಬಿಳಿ ಬಣ್ಣ ಬಳಿದು ಗೆರೆ ಮುಚ್ಚಿದೆ. ಜೆರಾಕ್ಸ್ ಮಾಡಿದಾಗ ಅದರ ನೆರಳು ತೆಳ್ಳಗೆ ಕಾಣುತ್ತಿತ್ತು, ಜನ ಅಭ್ಯಾಸಬಲದಿಂದ ಅಲ್ಲೂ ಸಹಿ ಹಾಕುತ್ತಿದ್ದರು. ಕೊನೆಗೆ ಇಡೀ ಹಾಳೆಯನ್ನೇ ಹೊಸದಾಗಿ ಬರೆದೆ. ನನ್ನ ಊರಿನಲ್ಲಿ ಅದು ಹೋಯಿತು. ಬೇರೆ ಎಲ್ಲೆಲ್ಲಿ ಉಂಟೋ, ಯಾವ ಕಪಾಟಿನಲ್ಲಿ ಉಂಟೋ, ನನಗೆ ಗೊತ್ತಿಲ್ಲ.

ಆದರೆ ಕಲ್ಯಾಣಿಗೆ ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲ. ಅವಳ ಲೆಕ್ಕದಲ್ಲಿ ನಾನು ಜೀವ ಉಳಿಸಿದವಳು. ವಾರಕ್ಕೊಮ್ಮೆ ಮನೆಗೆ ಬಂದು, ಮಾರದೆ ಎತ್ತಿಟ್ಟ ಒಳ್ಳೆಯ ಬಂಗುಡೆಯನ್ನು ಬಾಳೆಯೆಲೆಯಲ್ಲಿ ಕಟ್ಟಿ ಕೊಡುತ್ತಾಳೆ. ಬೇಡವೆಂದರೆ ಕೋಪ. ಇಷ್ಟು ವರ್ಷ ಆ ಮೀನಿನ ಸಾರು ನನ್ನ ಗಂಟಲಲ್ಲಿ ಸಲೀಸಾಗಿ ಇಳಿದದ್ದಿಲ್ಲ.

ಇಲ್ಲಿಯವರೆಗೆ ಬರೆದು ಮುಗಿಸಿ ಶ್ವೇತಾಳಿಗೆ ಕೊಡುವುದೆಂದಿದ್ದೆ. ಆದರೆ ಹೊಸ ಹುಡುಗಿಯರಿಗೆಲ್ಲ ತಿಳಿದು, ಕಲ್ಯಾಣಿಗೊಬ್ಬಳಿಗೆ ತಿಳಿಯದೆ ಹೋದರೆ ಅದೆಂಥ ನ್ಯಾಯ? ಮರುದಿನ ಅವಳು ಬಂದಾಗ ಚಾವಡಿಯಲ್ಲಿ ಕೂರಿಸಿ, ಈ ಪುಟಗಳನ್ನು ಮೊದಲಿನಿಂದ ಓದಿದೆ. ಕೋಳಿಗಳು ಮಾತ್ರೆ ಕುಕ್ಕಿದ ಕಡೆ ನಕ್ಕಳು. ತನ್ನ ಹೆಸರು ಬಂದಾಗ ಸೆರಗು ಸರಿಮಾಡಿಕೊಂಡಳು. ಗೆರೆಯ ಉಬ್ಬಿನ ಹತ್ತಿರ ಬಂದಾಗ ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

"ಗೆರೆ ಎಳೆದದ್ದೂ ನೀವೇ" ಎಂದಳು. "ಬೋಟಿನ ರಜೆಗೆ ಕಾಯಲಿಕ್ಕೆ ಹೇಳಿದ್ದೂ ನೀವೇ."

"ಹೌದು ಕಲ್ಯಾಣಿ."

"ನಾನು ಇಷ್ಟು ವರ್ಷ ಸರಕಾರಕ್ಕೆ ಬೈದೆ."

ಎದ್ದು ಹೋದಳು. ಬಾಳೆಯೆಲೆಯ ಕಟ್ಟನ್ನೂ ವಾಪಸು ತೆಗೆದುಕೊಂಡಳು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರ ನಾನೇ ಮಾರ್ಕೆಟ್ಟಿಗೆ ಹೋದೆ. ನನ್ನ ಹಿಂದೆ ನಿಂತವರಿಗೆಲ್ಲ ಮೀನು ಕೊಟ್ಟಳು, ನನ್ನ ಚೀಲ ಕಾಣದವಳ ಹಾಗೆ ಇದ್ದಳು. ನಾನು ಬರಿಗೈಯಲ್ಲಿ ಬಂದೆ. ಸುಳ್ಳು ಏಕೆ, ಒಂದು ಬಗೆಯ ಹಗುರವೂ ಆಯಿತು. ಆ ದಿನಗಳಲ್ಲಿ ಮಧ್ಯಾಹ್ನ ಮಲಗಿದರೆ ಒಂದೇ ಕನಸು. ಕಡಲಿನ ಮರಳಿನಲ್ಲಿ ನಾನು ಸ್ಕೇಲು ಹಿಡಿದು ಗೆರೆ ಎಳೆಯುತ್ತಾ ಹೋಗುತ್ತೇನೆ. ಆಚೆ ಬದಿಯಲ್ಲಿ ಹೆಂಗಸರು ಸುಮ್ಮನೆ ನಿಂತಿರುತ್ತಾರೆ. ತೆರೆ ಬಂದು ಅಳಿಸಲಿ ಎಂದು ನಾನು ಕಾಯುತ್ತೇನೆ. ತೆರೆ ಬರುವುದೇ ಇಲ್ಲ.

ಮೂರನೆಯ ವಾರ ಗೇಟಿನ ಸದ್ದಾಯಿತು. ಕಲ್ಯಾಣಿ. ಅವಳ ಹಿಂದೆ ಮಗಳು ಅಶ್ವಿತಾ, ತೋಳಲ್ಲಿ ಮೂರು ತಿಂಗಳ ಕೂಸು. ಅಶ್ವಿತಾ ಗಂಡನ ಕೆಲಸದ ಅನುಕೂಲಕ್ಕೆಂದು ಕಾರ್ಕಳದಲ್ಲಿ ಬಾಡಿಗೆ ಮನೆ ಮಾಡಿದ್ದಳು. ಈಗ ಅವನು ಮಸ್ಕತ್ತಿನಲ್ಲಿದ್ದಾನೆ. ಇದು ಎರಡನೆಯ ಮಗು, ಇನ್ನು ಸಾಕೆಂದು ಆಪರೇಷನ್ ಮಾಡಿಸಿಕೊಳ್ಳಲು ಹೊರಟಿದ್ದಳು. ಕಲ್ಯಾಣಿ ಕೂರಲಿಲ್ಲ. ಮಗಳ ಕೈಯಿಂದ ಒಂದು ಹಾಳೆ ಕಿತ್ತು ನನ್ನ ಮುಂದೆ ಹಿಡಿದಳು.

"ಆ ಕಡೆಯ ಒಂದು ಕ್ಯಾಂಪಿನಲ್ಲಿ ಕೊಟ್ಟದ್ದು. ಓದಿ. ಇದರಲ್ಲಿ ಉಂಟಾ ನೋಡಿ."

ಕನ್ನಡಕ ಹಾಕಿಕೊಂಡೆ. ಓದುವ ಅಗತ್ಯವೇ ಇರಲಿಲ್ಲ. ಹಾಳೆಯ ಕೊನೆಯಲ್ಲಿ, ಮಾಸಲಾಗಿ, ನಡುವೆ ಅಕ್ಕಿಕಾಳಿನಷ್ಟು ಉಬ್ಬಿದ ಗೆರೆ.

"ಅವರು ವಾಟ್ಸಾಪಲ್ಲಿ ಸಹಿ ಕಳಿಸಿದರೆ ಆಗ್ತದಾ ಆಂಟಿ?" ಎಂದು ಅಶ್ವಿತಾ ಕೇಳಿದಳು. "ಆಗುವುದಿಲ್ಲ, ರಜೆಯಲ್ಲಿ ಬಂದಾಗ ಎದುರಲ್ಲೇ ಹಾಕಲಿ ಅಂದರು ಅಲ್ಲಿ. ಅವರು ಬರುವುದು ಬರುವ ವರ್ಷ."

ಎದುರಲ್ಲೇ. ಅದೂ ನನ್ನ ಮಾತೇ.

ಕಲ್ಯಾಣಿ ನನ್ನ ಮೇಜಿನಿಂದ ಪೆನ್ನು ತೆಗೆದು ಮುಂದೆ ಚಾಚಿದಳು. "ಹೊಡೀರಿ."

"ನಾನೀಗ ರಿಟೈರ್ಡ್ ಕಲ್ಯಾಣಿ. ನಾನು ಹೊಡೆದರೆ ಅವರು..."

"ಎಳೆಯುವಾಗ ಯಾರನ್ನು ಕೇಳಿದಿರಿ?"

ಸ್ಕೇಲಿಲ್ಲದೆ ಆ ಗೆರೆಯ ಮೇಲೆ ಅಡ್ಡಡ್ಡ ಹೊಡೆದೆ. ಒಂದಲ್ಲ, ಐದಾರು ಸಲ. ಪಕ್ಕದಲ್ಲಿ "ಈ ಸಹಿಯ ಅಗತ್ಯವಿಲ್ಲ" ಎಂದು ನನ್ನ ಹಳೆಯ ಗುಂಡಗಿನ ಅಕ್ಷರದಲ್ಲಿ ಬರೆದು, ಕೆಳಗೆ ನನ್ನ ಹೆಸರು ಹಾಕಿದೆ. ಕಲ್ಯಾಣಿ ಹಾಳೆ ತೆಗೆದುಕೊಂಡು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಇದು ಸಾಲದು. ಸೋಮವಾರ ಕಾರ್ಕಳಕ್ಕೆ ನೀವೂ ಬನ್ನಿ. ಅವರು ರೂಲ್ ಅಂತ ಹೇಳಿದರೆ, ಎಳೆದವರು ಇವರೇ ಅಂತ ನಾನು ತೋರಿಸ್ತೇನೆ."

ಸೋಮವಾರ ಬೆಳಿಗ್ಗೆ ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳದ ಬಸ್ಸು ಹತ್ತಿದೆವು. ಅಶ್ವಿತಾ ಕಿಟಕಿಯ ಹತ್ತಿರ, ಕೂಸು ನನ್ನ ಮಡಿಲಲ್ಲಿ, ಕಲ್ಯಾಣಿ ನನ್ನ ಪಕ್ಕ. ನಂದಿಕೂರಿನ ವಿದ್ಯುತ್ ಸ್ಥಾವರದ ಚಿಮಣಿ ದಾಟಿದ ಮೇಲೆ ಗಾಳಿ ತಂಪಾಯಿತು. ಕೂಸಿನ ತಲೆಯ ಎಣ್ಣೆಯ ವಾಸನೆಗೆ ನನ್ನ ಕಣ್ಣು ಎಳೆಯತೊಡಗಿತು. ಮತ್ತೆ ಅದೇ ದಾರಿ, ಅದೇ ಜಗಲಿಗಳು. ಕಾಗದ ಹಿಡಿದು ನಿಂತ ಹೆಂಗಸರಲ್ಲಿ ಆ ಹಿರಿಯಡ್ಕದವಳೂ ಇದ್ದಳು. ಗಂಡನ ಹಿಂದಿನಿಂದ ಕಣ್ಣೆತ್ತಿ ನೋಡಿದವಳು. "ಇಲ್ಲಿ ಸಹಿ ಹಾಕಿದರೆ ಸಾಕಾ?" ಎಂದು ಅವಳು ಕೇಳುತ್ತಿದ್ದಳು.

ಕಲ್ಯಾಣಿ ಮೊಣಕೈಯಿಂದ ತಿವಿದಳು.

"ನಿದ್ದೆ ಮಾಡಬೇಡಿ ಅಕ್ಕ. ಇವತ್ತು ನೀವು ಮಾತಾಡ್ಲಿಕ್ಕುಂಟು."